ಹದಿನಾರು ಚುಕ್ಕಿಯ ಬೀಗ

ಬಟನ್‌ಗಳ ಮೇಲೆ ಅಕ್ಷರ ಬೇಡ, ಚಿತ್ರ ಸಾಕು ಎಂದು ಹಟ ಹಿಡಿದವಳು ನಾನೇ. ಇದನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ನಾನು ಬಹಳ ಜನರನ್ನು ಬೈಯುವವಳಿದ್ದೇನೆ. ಆಗ ಓದುವವರು ನನ್ನನ್ನು ಪಾಪದವಳೆಂದು ತಿಳಿಯಬಾರದು.

ಹಿಡಕಲ್ ಅಣೆಕಟ್ಟಿನಿಂದ ಬರುವ ಕಾಲುವೆ ನೀರನ್ನು ರೈತರಿಗೆ ಪಾಳಿಯಂತೆ ಹಂಚುವ ಸಂಘವೊಂದರ ಕೆಲಸ ಅದು. ಗೋಕಾಕದಲ್ಲಿ ಮುಖ್ಯ ಕಚೇರಿ, ಹುಕ್ಕೇರಿ ಮತ್ತು ಮೂಡಲಗಿಯಲ್ಲಿ ಒಂದೊಂದು ಕೋಣೆಯ ಶಾಖೆ. ಯಾವ ತೂಬಿನ ಗೇಟನ್ನು ಎಷ್ಟು ಹೊತ್ತಿಗೆ ಎತ್ತಿದರು, ಎಷ್ಟು ಹೊತ್ತಿಗೆ ಇಳಿಸಿದರು ಎಂದು ಗೇಟಿನವರು ಫೋನ್ ಮಾಡಿ ಶಾಖೆಗೆ ಹೇಳುತ್ತಾರೆ. ಶಾಖೆಯ ಕಾರಕೂನರು ಅದನ್ನು ಎಕ್ಸೆಲ್ ಹಾಳೆಯಲ್ಲಿ ಬರೆಯುತ್ತಾರೆ. ಗೋಕಾಕದಲ್ಲಿ ಗಂಟೆಗಳನ್ನು ಕೂಡಿಸಿ, ಯಾವ ತೂಬಿನ ಪಾಳಿ ಮುಗಿಯಿತು, ಮುಂದೆ ಯಾರಿಗೆ ನೀರು ಎಂದು ಹೇಳುತ್ತಾರೆ. ಬರೆಯುವಾಗ ಒಬ್ಬರು ‘ಚಾಲೂ’ ಎಂದೂ ಇನ್ನೊಬ್ಬರು ‘ಬಿಟ್ಟಿದೆ’ ಎಂದೂ ಮಗದೊಬ್ಬರು ‘ನೀರ ಹೋಗ್ಯಾವ’ ಎಂದೂ ಬರೆದು ಲೆಕ್ಕ ಕುಲಗೆಟ್ಟುಹೋಗಿತ್ತು. ಕೈಯಲ್ಲಿ ಬರೆಯುವುದೇ ಬೇಡ, ಬಟನ್ ಒತ್ತಿದರೆ ಸಾಕು ಅನ್ನುವಂತೆ ಮಾಡಿಕೊಡಿ ಎಂದು ಸಂಘದ ಕಾರ್ಯದರ್ಶಿ ನನ್ನನ್ನು ಕರೆದರು. ನಾನು ಗೋಕಾಕದಲ್ಲಿ ಟೈಪಿಂಗ್ ಕ್ಲಾಸ್ ನಡೆಸುವವಳು. ಎಕ್ಸೆಲ್‌ಗೆ ಮ್ಯಾಕ್ರೊ, ಅಂದರೆ ಒಂದು ಬಟನ್ ಒತ್ತಿದರೆ ಹತ್ತು ಕೆಲಸ ತಾನೇ ಮಾಡುವ ಸೂಚನೆಗಳ ಸಾಲು, ಬರೆಯುವುದು ನನಗೆ ಅಂಟಿಕೊಂಡ ಚಟ.

ಮ್ಯಾಕ್ರೊ ಎರಡೇ ದಿನದಲ್ಲಿ ಮುಗಿಯಿತು. ಐದು ಬಟನ್: ಗೇಟು ಚಾಲೂ, ಗೇಟು ಬಂದ್, ಪಾಳಿ ಬದಲು, ತಡೆ, ಚೀಟಿ. ಬಟನ್ ಮೇಲೆ ಕನ್ನಡದಲ್ಲಿ ಹೆಸರು ಬರೆದು ಕಾರ್ಯದರ್ಶಿಗೆ ತೋರಿಸಲು ಹೋದರೆ, ಅಕ್ಷರ ಇರಬೇಕಾದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಮ್ಯಾಕ್ರೊ ಬರೆಯುವ ಆ ಕಿಟಕಿಗೆ ಕನ್ನಡ ತಿಳಿಯುವುದಿಲ್ಲ. ಕಾರ್ಯದರ್ಶಿ ಕನ್ನಡಕ ಹಣೆಗೇರಿಸಿ ನಕ್ಕರು.

“ಏನ್ರಿ ಅಕ್ಕಾರ, ನಾವ್ ಬಟನ್ ಒತ್ತೂದ ಬಿಟ್ಟ ಬಟನ್ನ ನಮಗ ಪ್ರಶ್ನಿ ಕೇಳಾಕತ್ತಾವಲ್ರಿ!”

ಕೋಣೆಯಲ್ಲಿದ್ದ ನಾಲ್ಕು ಮಂದಿಯೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅದಕ್ಕೊಂದು ದಾರಿ ಇತ್ತು. ಪ್ರತಿ ಅಕ್ಷರಕ್ಕೂ, ಅದರ ಒತ್ತಿಗೂ ದೀರ್ಘಕ್ಕೂ ಒಂದೊಂದು ಸಂಖ್ಯೆಯಿದೆ. ಆ ಸಂಖ್ಯೆಗಳನ್ನು ಒಂದರ ಪಕ್ಕ ಒಂದು ಪೋಣಿಸಿದರೆ ಕನ್ನಡ ಸರಿಯಾಗಿ ಮೂಡುತ್ತದೆ. ನನಗದು ಗೊತ್ತಿತ್ತು. ಬೇಸರದ ಕೆಲಸ, ಅಷ್ಟೆ. ಆದರೆ ನಕ್ಕವರ ಮುಂದೆ ‘ತಿದ್ದಿಕೊಂಡು ಬರುತ್ತೇನೆ’ ಅನ್ನಲು ನಾಲಿಗೆ ಏಳಲಿಲ್ಲ.

“ಅಕ್ಷರ ಯಾಕ ಬೇಕ್ರಿ? ಚಿತ್ರಾ ಹಾಕ್ತೇನಿ. ಚಿತ್ರಕ್ಕ ಭಾಷಾ ಬೇಕಾಗಿಲ್ಲ,” ಅಂದೆ.

ಎಕ್ಸೆಲ್ ಒಳಗೇ ಸಾವಿರಾರು ಸಣ್ಣ ಚಿತ್ರಗಳಿವೆ. ಅಡ್ಡ ಹದಿನಾರು ಚುಕ್ಕಿ, ಉದ್ದ ಹದಿನಾರು ಚುಕ್ಕಿ, ಅಷ್ಟರಲ್ಲೇ ಮುಗಿದ ಚಿತ್ರ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಮೂರು ಅಂದರೆ ಫೈಲ್ ಉಳಿಸುವ ಫ್ಲಾಪಿ, ನಾಲ್ಕು ಅಂದರೆ ಪ್ರಿಂಟರ್, ಐವತ್ತೊಂಬತ್ತು ಅಂದರೆ ಹಲ್ಲು ಕಿಸಿಯದೆ ನಗುವ ಹಳದಿ ಮುಖ. ಯಾವ ಸಂಖ್ಯೆಗೆ ಯಾವ ಚಿತ್ರ ಅನ್ನುವ ಪಟ್ಟಿ ಮಾತ್ರ ಎಕ್ಸೆಲ್‌ನಲ್ಲಿ ಇಲ್ಲ. ಹಾಗಾಗಿ ಅದನ್ನು ಹುಡುಕಲು ಇನ್ನೊಂದು ಮ್ಯಾಕ್ರೊ ಬರೆದೆ. ಅದು ಒಂದು ತಾತ್ಕಾಲಿಕ ಬಟನ್ ಹುಟ್ಟಿಸುತ್ತದೆ, ಅದಕ್ಕೆ ಒಂದು ಸಂಖ್ಯೆ ಕೊಡುತ್ತದೆ, ಮೂಡಿದ ಚಿತ್ರವನ್ನು ಕಾಪಿ ಮಾಡಿ ಹಾಳೆಯ ಒಂದು ಮನೆಯಲ್ಲಿ ಅಂಟಿಸಿ, ಪಕ್ಕದಲ್ಲಿ ಸಂಖ್ಯೆ ಬರೆದು, ಮುಂದಿನ ಸಂಖ್ಯೆಗೆ ಹೋಗುತ್ತದೆ. ಹಾಳೆಗೆ ನೂರು.

ಹೇಳುವುದಕ್ಕೆ ಸುಲಭ. ಇನ್ನೂರು ದಾಟುವಷ್ಟರಲ್ಲಿ ಎಕ್ಸೆಲ್ ಉಸಿರು ಕಟ್ಟಿ ನಿಂತುಬಿಡುತ್ತಿತ್ತು. ನಡುನಡುವೆ ಖಾಲಿ ಸಂಖ್ಯೆಗಳು. ಖಾಲಿ ಬಂದಾಗ ಮ್ಯಾಕ್ರೊ ಹಿಂದಿನ ಚಿತ್ರವನ್ನೇ ಮತ್ತೆ ಅಂಟಿಸಿ ನನಗೆ ಮೋಸ ಮಾಡುತ್ತಿತ್ತು. ಒಂದೇ ಕತ್ತರಿ ಎಂಟು ಕಡೆ ಕಂಡಾಗಲೇ ನನಗೆ ಅದು ತಿಳಿದದ್ದು. ಹಾಳೆಗಳನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಶುರು. ನಾಲ್ಕು ದಿನ ಕಣ್ಣು ಕಿತ್ತು ಹೋಗುವಷ್ಟು ನೋಡಿದೆ. ಲಕೋಟೆ, ಪಿನ್ನು, ಗಡಿಯಾರ, ಲಾಳಿಕೆ, ಬಣ್ಣದ ಬಕೇಟು, ಹಂದಿಯ ಹುಂಡಿ ಎಲ್ಲ ಇವೆ. ನೀರಿಲ್ಲ, ಕಾಲುವೆ ಇಲ್ಲ, ಗೇಟಂತೂ ಇಲ್ಲವೇ ಇಲ್ಲ. ಪತ್ರ ಬರೆಯುವವರಿಗಾಗಿ, ಪಟ್ಟಿ ಮಾಡುವವರಿಗಾಗಿ ಬಿಡಿಸಿದ ಚಿತ್ರಗಳವು. ಹೊಲಕ್ಕೆ ನೀರು ಹಾಯಿಸುವವನನ್ನು ಅವುಗಳನ್ನು ಬಿಡಿಸಿದವರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ.

ಮೂರು ಬಟನ್‌ಗಳು ಸಲೀಸಾಗಿ ಸಿಕ್ಕವು. ಚೀಟಿಗೆ ಪ್ರಿಂಟರ್, ಪಾಳಿ ಬದಲಿಗೆ ಬಾಗಿದ ಬಾಣ, ತಡೆಗೆ ಎತ್ತಿದ ಅಂಗೈ. ಉಳಿದದ್ದು ಮುಖ್ಯವಾದ ಎರಡು: ಚಾಲೂ ಮತ್ತು ಬಂದ್. ಅದಕ್ಕೆ ಹಸಿರು ಗುಂಡು, ಕೆಂಪು ಗುಂಡು ಹಾಕಿ ಹುಕ್ಕೇರಿಗೆ ಹೋದೆ.

ಹುಕ್ಕೇರಿ ಶಾಖೆಯ ಕಾರಕೂನರು ನಿವೃತ್ತಿಗೆ ಬಂದ ಮನುಷ್ಯ, ಮೂಗಿನ ತುದಿಯಲ್ಲೇ ಸಿಟ್ಟು. ಹತ್ತು ಸಲ ಒತ್ತಿಸಿದೆ, ಹತ್ತೂ ಸರಿ. ಇನ್ನೇನು ಎದ್ದೇನು ಅನ್ನುವಾಗ ಪರೀಕ್ಷೆಗೆಂದು ಎರಡು ಬಟನ್‌ಗಳ ಜಾಗ ಅದಲುಬದಲು ಮಾಡಿದೆ. ಆಮೇಲೆ ಒತ್ತಿದ್ದೆಲ್ಲ ತಪ್ಪು.

“ಬಣ್ಣಾ ನೋಡಿ ಒತ್ರಿ ಕಾಕಾರ, ಜಾಗಾ ನೋಡಿ ಅಲ್ಲ,” ಅಂದೆ.

“ನೋಡೇ ಒತ್ತಾಕತ್ತೇನ್ರಿ.”

“ಹಂಗಾರ ಹಸರ ಯಾವುದು ಹೇಳ್ರಿ ನೋಡೂಣು.”

ಅವರ ಮುಖ ಗಂಟಿಕ್ಕಿತು. ಹೊರಗೆ ಯಾರಾದರೂ ಇದ್ದಾರೋ ಎಂದು ಇಣುಕಿ ನೋಡಿ ಬಂದು, ದನಿ ತಗ್ಗಿಸಿ ಹೇಳಿದರು: “ನನಗ ಎರಡೂ ಒಂದ ಕಾಣ್ತಾವ್ರಿ. ಹುಟ್ಟಿದಾಗಿಂದ ಹಂಗ. ಇದನ್ನ ಊರ ತುಂಬ ಹೇಳ್ಕೋತ ಅಡ್ಡಾಡಿದ್ರ ನೋಡ್ರಿ ಮತ್ತ!”

ಬೆಳಿಗ್ಗೆಯೇ ಹೇಳಿದ್ದರೆ ನನ್ನ ಒಂದು ದಿನ ಉಳಿಯುತ್ತಿತ್ತು. ಅದನ್ನೇ ಅಂದೆ. ಕಣ್ಣಿನ ವಿಷಯವನ್ನು ನಿಮಗೇಕೆ ಹೇಳಬೇಕೆಂದು ಅವರೂ ಅಂದರು. ಚಹಾ ತರಿಸಿದ್ದರು, ನಾನು ಕುಡಿಯದೆ ಎದ್ದುಬಂದೆ. ಬಣ್ಣದ ಮಾತು ಅಲ್ಲಿಗೆ ಮುಗಿಯಿತು. ಇನ್ನು ಆಕಾರದಲ್ಲೇ ಬೇರೆಯಾಗಿರುವ ಎರಡು ಚಿತ್ರ ಬೇಕು.

ನನ್ನ ನೂರರ ಹಾಳೆಗಳನ್ನು ಮತ್ತೆ ತಿರುವಿದಾಗ ಬೀಗ ಸಿಕ್ಕಿತು. ಬೇರೆ ಹಾಳೆಯಲ್ಲಿ ಚಾವಿಯೂ ಸಿಕ್ಕಿತು. ಬೀಗ ಅಂದರೆ ಬಂದ್, ಚಾವಿ ಅಂದರೆ ಚಾಲೂ. ಇದಕ್ಕಿಂತ ಬಿಡಿಸಿ ಹೇಳುವುದು ಏನಿದೆ? ನನಗೆ ನಾನೇ ಶಾಬಾಸ್ ಅಂದುಕೊಂಡೆ. ಗೋಕಾಕ ಕಚೇರಿಯ ಕಂಪ್ಯೂಟರಿನಲ್ಲಿ ಹೊಸ ಎಕ್ಸೆಲ್. ಹೊಸದರಲ್ಲಿ ಹಳೆಯ ಚಿತ್ರಗಳನ್ನೆಲ್ಲ ತೆಳ್ಳಗೆ ಬೂದು ಗೆರೆಯಲ್ಲಿ ಮತ್ತೆ ಬಿಡಿಸಿದ್ದಾರೆ. ಸಂಖ್ಯೆ ಅದೇ, ಮುಖ ಬೇರೆ. ಕಾರ್ಯದರ್ಶಿ ಚಾವಿಯನ್ನು ಬಗ್ಗಿ ನೋಡಿ, “ಇದೇನ್ರಿ, ಸಾರಿನ ಸೌಟ?” ಅಂದರು. ಬೇರೆ ಸಂಖ್ಯೆಯ, ಹಲ್ಲು ಸ್ವಲ್ಪ ದೊಡ್ಡದಾಗಿ ಕಾಣುವ ಚಾವಿ ಹುಡುಕಲು ಇನ್ನೊಂದು ದಿನ ಹೋಯಿತು. ಮೂಡಲಗಿಯ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಬೀಗ ಹಿತ್ತಾಳೆಯಂತೆ ಹಳದಿಯಾಗಿ ಹೊಳೆಯುತ್ತಿತ್ತು.

ಹುಕ್ಕೇರಿಯವರು ಒಂದೇ ನೋಟಕ್ಕೆ ಸರಿಯಾಗಿ ಒತ್ತಿದರು. ಜಾಗ ಬದಲಿಸಿದರೂ ಸರಿ. ಮೂಡಲಗಿಯಲ್ಲಿ ತಕರಾರು ಬಂತು.

ಮೂಡಲಗಿ ಶಾಖೆಯ ಕಾರಕೂನಳಿಗೆ ಮೂವತ್ತೈದರ ಆಸುಪಾಸು. ಅಲ್ಲೇ ಹತ್ತಿರದ ಹಳ್ಳಿಯ ಒಕ್ಕಲು ಮನೆತನದ ಮಗಳು, ಮೂಡಲಗಿಗೆ ಸೊಸೆಯಾಗಿ ಬಂದವಳು. ಮಾತು ಕಡಿಮೆ, ಆಡಿದರೆ ನೆಟ್ಟಗೆ. ನಾನು ಫೈಲ್ ಹಾಕುವಾಗ ಕೈಕಟ್ಟಿ ನಿಂತು ನೋಡುತ್ತಿದ್ದಳು.

“ಚಿತ್ರಾ ಸಣ್ಣ ಹುಡುಗೂರ ಸಾಲ್ಯಾಗ ಛಲೋ ರಿ ಅಕ್ಕಾರ. ಅಕ್ಷರಾ ಹಾಕ್ರಿ. ನನಗ ಓದಾಕ ಬರ್ತೈತಿ.”

“ಎರಡ ಚಿತ್ರಾ ನೆನಪ ಇಟ್ಕೊಳ್ಳಾಕ ಆಗೂದಿಲ್ಲೇನ ತಂಗಿ?”

“ಹಂಗಲ್ರಿ. ಯಾವುದ ಏನಂತ ಒಂದ ಸಲಾ ಹೇಳಿ ಹೋಗ್ರಿ.”

“ನೋಡಿದ್ರ ತಿಳಿತೈತಿ. ಹುಕ್ಕೇರಿ ಕಾಕಾಗ ತಿಳದೈತಿ, ನಿನಗ ತಿಳೂದಿಲ್ಲ? ತಿಳೀಲಾರದಂಥಾದ್ದು ಅದರಾಗ ಏನೈತಿ?”

ನಾನು ಗೋಕಾಕಕ್ಕೆ ಬಂದು ಕಾರ್ಯದರ್ಶಿಯ ಮುಂದೆ, “ಕುಣಿಯಲಾರದಾಕಿ ನೆಲ ಡೊಂಕು ಅಂದ್ಳಂತ, ಹಂಗಾತ ನಿಮ್ಮ ಮೂಡಲಗಿ ಕಾರಕೂನಳ ಕತಿ,” ಎಂದು ನಗಾಡಿದೆ. ಅವರೂ ನಕ್ಕರು. ಆ ನಗೆ ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಇಲ್ಲೊಂದು ಮಾತು ಹೇಳಬೇಕು. ಶಾಖೆಯ ಹಾಳೆಯಲ್ಲಿ ಕಾರಕೂನರಿಗೆ ಕಾಣುವುದು ತೂಬಿನ ಸಂಖ್ಯೆ, ವೇಳೆ ಮತ್ತು ಒತ್ತಿದ ಚಿತ್ರ ಮಾತ್ರ. ಅದು ‘ಚಾಲೂ’ ‘ಬಂದ್’ ಎಂಬ ಅಕ್ಷರವಾಗುವುದು ಗೋಕಾಕದಲ್ಲಿ. ಅಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಾರೆ, ರೈತರ ಮೊಬೈಲಿಗೂ ಕಳಿಸುತ್ತಾರೆ. ಅಂದರೆ ಮೂಡಲಗಿಯವಳು ತಾನು ಏನು ಬರೆಯುತ್ತಿದ್ದೇನೆಂದು ಒಮ್ಮೆಯೂ ಓದಿ ನೋಡುವ ಹಾಗಿರಲಿಲ್ಲ. ಹಾಗೆ ಮಾಡಿದವಳೂ ನಾನೇ, ತೆರೆ ಚಿಕ್ಕದೆಂದು.

ಎರಡನೇ ಸುತ್ತಿನ ಪಾಳಿಯಲ್ಲಿ ಅನಾಹುತವಾಯಿತು. ಮೂಡಲಗಿ ಭಾಗದ ಕಾಲುವೆಗೆ ಏಳು ತೂಬು. ಏಳನೆಯದು ಕಟ್ಟಕಡೆಯದು, ಯಾವಾಗಲೂ ನೀರಿಗೆ ಬಾಯಿ ಬಿಡುವ ಜಾಗ. ಆ ತೂಬಿನ ರೈತರು ಹದಿನೈದು ಜನ, ಒಂದು ಟ್ರ್ಯಾಕ್ಟರಿನಲ್ಲಿ ಗೋಕಾಕಕ್ಕೆ ಬಂದು ಕಾರ್ಯದರ್ಶಿಯ ಮೇಜಿನ ಮೇಲೆ ಹೊಲದ ಒಣ ಮಣ್ಣಿನ ಹೆಂಟೆ ಸುರಿದರು. ನಮ್ಮ ಹಾಳೆ ಹೇಳುವಂತೆ ಅವರ ತೂಬಿಗೆ ನೀರು ಹರಿದು ಪಾಳಿ ಮುಗಿದಿತ್ತು. ಖರೇ ನೋಡಿದರೆ ಒಂದು ಹನಿ ಬಿದ್ದಿರಲಿಲ್ಲ. ಅತ್ತ ಐದನೇ ತೂಬಿನಲ್ಲಿ ನೀರು ಹರಿಯುತ್ತಿರುವಾಗಲೇ ಹಾಳೆ ‘ಬಂದ್’ ಎಂದಿತ್ತು. ಗಂಟೆ ಲೆಕ್ಕಕ್ಕೇ ಬರಲಿಲ್ಲ. ಹಾಗಾಗಿ ಐದಕ್ಕೆ ಪಾಳಿ ಬಾಕಿಯಿದೆ ಎಂದು ಗೋಕಾಕದಿಂದ ಇನ್ನೊಂದು ಪಾಳಿ ಕೊಟ್ಟಿದ್ದರು. ಐದಕ್ಕೆ ಎರಡು ಪಾಳಿ, ಏಳಕ್ಕೆ ಸೊನ್ನೆ.

ಐದನೇ ತೂಬಿನ ಕೆಳಗೆ ಯಾರ ಹೊಲ ಇದೆ ಎಂದು ಯಾರೋ ಕೇಳಿದರು. ಮೂಡಲಗಿ ಕಾರಕೂನಳ ತವರಿನ ಹೊಲ. ಅವಳ ಅಣ್ಣನದು.

ಆಮೇಲೆ ಕೇಳಬೇಕೇ? “ತವರಿಗೆ ನೀರ ಕದ್ದಾಳ” ಅನ್ನುವ ಮಾತು ಟ್ರ್ಯಾಕ್ಟರ್ ಮರಳಿ ಊರು ಮುಟ್ಟುವ ಮೊದಲೇ ಮೂಡಲಗಿ ಮುಟ್ಟಿತು. ಕಾರ್ಯದರ್ಶಿ ಅವಳಿಗೆ ನಾಳೆಯಿಂದ ಬರಬೇಡ ಎಂದು ಫೋನಿನಲ್ಲೇ ಹೇಳಿದರು. ಸಂಘದ ಸಭೆ ಕರೆದು, ಅಲ್ಲಿ ತೀರ್ಮಾನ ಮಾಡಿ ಕೆಲಸದಿಂದ ತೆಗೆಯುವುದೆಂದಾಯಿತು. ಆಮೇಲೆ ನನ್ನನ್ನು ಕರೆಸಿದರು.

“ಮಶೀನಿಂದೇನ ತಪ್ಪಿಲ್ಲಂತ ಒಂದ ಪತ್ರ ಬರದ ಕೊಡ್ರಿ ಅಕ್ಕಾರ. ಸಭಾದಾಗ ಓದೂನು. ಇಲ್ಲಾಂದ್ರ ಆಕಿ ನಿಮ್ಮ ಬಟನ್ ಮ್ಯಾಲೆ ಹಾಕ್ತಾಳ.”

ನಾನು ನಿಂತ ಹೆಜ್ಜೆಯಲ್ಲಿ ಬರೆದುಕೊಟ್ಟೆ. ‘ಬಟನ್‌ಗಳು ಸರಿಯಾಗಿವೆ. ಹುಕ್ಕೇರಿ ಶಾಖೆಯಲ್ಲಿ ಇದೇ ಬಟನ್‌ಗಳಿಂದ ಒಂದು ತಪ್ಪೂ ಆಗಿಲ್ಲ. ಮೂಡಲಗಿಯ ನಮೂದುಗಳು ಒತ್ತಿದವರ ಹೊಣೆ.’ ಕೆಳಗೆ ಸಹಿ. ನನಗೆ ಅನುಮಾನವೇ ಇರಲಿಲ್ಲ. ಅವಳು ನನ್ನ ಕೆಲಸವನ್ನು ಹುಡುಗರ ಸಾಲೆ ಅಂದವಳು. ಕಳ್ಳತನ ಮಾಡಿದವಳೂ ಅವಳೇ ಇರಬೇಕು. ಸಿಟ್ಟಿನಲ್ಲಿ ಇರುವಾಗ ಇಂಥ ಲೆಕ್ಕ ಎಷ್ಟು ಬೇಗ ತಾಳೆಯಾಗುತ್ತದೆ!

ಪತ್ರದ ಜೊತೆಗೆ ಸಾಕ್ಷಿಯೂ ಇರಲಿ ಎಂದು ಮೂಡಲಗಿಗೆ ಹೋದೆ. ಪ್ರತಿ ಒತ್ತಿಗೂ ದಿನ, ವೇಳೆ, ತೂಬಿನ ಸಂಖ್ಯೆ ಸಹಿತ ಒಂದು ಗುಪ್ತ ಹಾಳೆಯಲ್ಲಿ ದಾಖಲೆ ಬೀಳುವಂತೆ ನಾನು ಮಾಡಿದ್ದೆ. ಶಾಖೆಯ ಬಾಗಿಲು ಸಿಪಾಯಿ ತೆರೆದುಕೊಟ್ಟ. ಅವಳ ಕುರ್ಚಿಯಲ್ಲಿ ಕೂತು ಆ ಹಾಳೆ ತೆಗೆದೆ. ಗೇಟಿನವರು ಎತ್ತಿದ, ಇಳಿಸಿದ ವೇಳೆ ಬರೆದು ಶಾಖೆಗೆ ಕೊಟ್ಟಿದ್ದ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಸಾಲು ಹೋಲಿಸುತ್ತಾ ಹೋದೆ.

ಐದನೇ ತೂಬು: ನೋಟ್‌ಬುಕ್ಕಿನಲ್ಲಿ ಎತ್ತಿದ ವೇಳೆಗೆ ಹಾಳೆಯಲ್ಲಿ ಬೀಗ. ಸಿಕ್ಕಿಬಿದ್ದಳು ಅಂದುಕೊಂಡೆ. ಎರಡನೇ ತೂಬು: ಅಲ್ಲಿಯೂ ಎತ್ತಿದಾಗ ಬೀಗ. ಒಂದನೆಯದು, ಮೂರನೆಯದು, ಆರನೆಯದು, ಎಲ್ಲ ಕಡೆ ಎತ್ತಿದಾಗ ಬೀಗ, ಇಳಿಸಿದಾಗ ಚಾವಿ. ಒಂದೂ ತಪ್ಪದೆ, ನಿಮಿಷವೂ ಹೆಚ್ಚುಕಡಿಮೆಯಾಗದೆ. ಏಳನೆಯದನ್ನು ಎರಡನೇ ಸುತ್ತು ಶುರುವಾಗುವ ಹೊತ್ತಿಗೆ ಇಳಿಸಿದ್ದರು; ಆಗ ಬಿದ್ದ ಚಾವಿಯನ್ನು ಹಾಳೆ ‘ಚಾಲೂ’ ಎಂದು ಓದಿ, ಗೇಟು ಮುಚ್ಚಿದ್ದ ಗಂಟೆಗಳನ್ನೆಲ್ಲ ಅದರ ಪಾಳಿಗೆ ಸೇರಿಸಿತ್ತು. ಎರಡನೆಯ ತೂಬಿನವರಿಗೂ ಎರಡು ಪಾಳಿ ಸಿಕ್ಕಿತ್ತು. ಎರಡು ಸಲ ನೀರು ಬಂದವ ಯಾಕೆ ಬಾಯಿ ಬಿಡುತ್ತಾನೆ?

ಕಳ್ಳತನ ಮಾಡುವವಳು ಒಂದು ತೂಬಿಗೆ ಸುಳ್ಳು ಬರೆಯುತ್ತಾಳೆ, ಏಳಕ್ಕೂ ಬರೆಯುವುದಿಲ್ಲ. ಇದು ಕಳ್ಳತನವಲ್ಲ. ಹಾಗಾದರೆ ಏನು? ಇಷ್ಟು ನಿಷ್ಠೆಯಿಂದ ಯಾರಾದರೂ ತಪ್ಪು ಮಾಡುತ್ತಾರೆಯೇ? ನನಗೆ ಅವಳ ಮೇಲೆ ಹೊಸದಾಗಿ ಸಿಟ್ಟು ಬಂತು. ರಿಕ್ಷಾ ಮಾಡಿಕೊಂಡು ನಾಗನೂರ ರಸ್ತೆಯ ಕಡೆ, ಐದನೇ ತೂಬಿನ ಹತ್ತಿರ ಹೋದೆ.

ಆ ಭಾಗದ ಏಳೂ ಗೇಟು ನೋಡುವ ಚಾಚಾ ಏರಿಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಅವರ ಅಪ್ಪನೂ ಅದೇ ಕಾಲುವೆಯ ಗೇಟು ತಿರುವಿದವರಂತೆ. ನಾನು ಯಾರೆಂದು ಹೇಳಿದ ಕೂಡಲೇ ಮುಖ ತಿರುಗಿಸಿದರು.

“ನೀವ ಏನ್ರಿ ಆ ಬಟನ್ನಿನವ್ರು? ಛಲೋ ಕೆಲಸಾ ಮಾಡೀರಿ ಬಿಡ್ರಿ. ಆ ಹುಡುಗೀನ ಮನ್ಯಾಗ ಕುಂದರಿಸಿದ್ರಿ.”

ನಾನು ಗೇಟನ್ನೇ ನೋಡುತ್ತಿದ್ದೆ. ನೀರು ಹರಿಯುತ್ತಿತ್ತು. ಮೇಲಿನ ಗಾಲಿಗೆ ಸರಪಳಿ ಸುತ್ತಿ, ಹಿಡಿಗಾತ್ರದ ಹಿತ್ತಾಳೆ ಬೀಗ ಜಡಿದಿತ್ತು. ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನುತ್ತಾರೆ.

“ಚಾಚಾ, ನೀರ ಚಾಲೂ ಐತಿ. ಕೀಲಿ ಯಾಕ ಹಾಕೀರಿ?”

ಅವರು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. “ಚಾಲೂ ಐತಿ ಅಂತನ ಹಾಕೇನ್ರಿ! ಕೀಲಿ ಹಾಕಲಿಲ್ಲಾಂದ್ರ ಯಾವನಾರ ಬಂದ ಇನ್ನಾ ನಾಲ್ಕ ಬೆರಳ ಎತ್ತಿ ಹೋಗ್ತಾನ. ಇಲ್ಲಾ ಕೆಳಗಿನವ ಬಂದ ಇಳಿಸಿ ಹೋಗ್ತಾನ. ಎತ್ತೂದು, ಅಳತಿ ನೋಡೂದು, ಕೀಲಿ ಜಡಿಯೂದು. ನಮ್ಮಪ್ಪನ ಕಾಲದಿಂದ ಹಂಗ.”

“ಮತ್ತ ಬಂದ್ ಮಾಡಿದಾಗ?”

“ಚಾವಿ ಹಚ್ಚಿ ಕೀಲಿ ತಗದು, ಗೇಟ ಇಳಿಸಿ, ಗಾಲೀನ ಬಿಚ್ಕೊಂಡ ಮನಿಗೆ ಒಯ್ತೇನಿ. ಗಾಲಿ ಇಲ್ಲದ ಗೇಟಿಗೆ ಕೀಲಿ ಯಾತಕ್ರಿ? ಯಾರ ಅಪ್ಪನ ಕೈಲೂ ಎತ್ತಾಕ ಆಗೂದಿಲ್ಲ.”

ನಾನು ಏರಿಯ ಮೇಲೆ ಕೂತುಬಿಟ್ಟೆ. ಬೀಗ ಅಂದರೆ ನೀರು ಹರಿಯುತ್ತಿದೆ. ಚಾವಿ ಅಂದರೆ ಇಳಿಸಲು ಹೊರಟಿದ್ದಾರೆ. ಕಾಲುವೆ ದಂಡೆಯಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು, ಚಾಚಾ ಬೀಗ ಜಡಿದು ಫೋನ್ ಮಾಡಿದಾಗ ಬೀಗ ಒತ್ತಿದಳು. ಅದಕ್ಕಿಂತ ಸರಿಯಾಗಿ ಒತ್ತುವುದು ಹೇಗೆ? ಹುಕ್ಕೇರಿ ಭಾಗದಲ್ಲಿ ಗೇಟಿಗೆ ಒಂದು ಸಣ್ಣ ಕೋಣೆಯಿದೆ. ನೀರು ಬಿಟ್ಟಾಗ ಗೇಟಿನವ ಬಾಗಿಲು ತೆರೆದು ಒಳಗೆ ಕೂತಿರುತ್ತಾನೆ, ಬಂದ್ ಮಾಡಿದಾಗ ಬೀಗ ಹಾಕಿ ಮನೆಗೆ ಹೋಗುತ್ತಾನೆ. ಅದಕ್ಕೇ ಅಲ್ಲಿ ನನ್ನ ಚಿತ್ರ ನನ್ನ ಹಾಗೇ ತಿಳಿಯಿತು. ನಾನು ಎರಡು ಸಾವಿರಕ್ಕೂ ಮೇಲೆ ಚಿತ್ರ ನೋಡಿದ್ದೆ. ಗೇಟು ಒಂದನ್ನೂ ನೋಡಿರಲಿಲ್ಲ.

“ಐದಕ್ಕ ಮತ್ತೊಂದ ಪಾಳಿ ಕೊಡ್ರಿ ಅಂದಾಗ ನಿಮಗ ಸಂಶೇ ಬರಲಿಲ್ಲೇನ?” ಎಂದು ಕೇಳಿದೆ.

“ಬಂತಲ್ರಿ! ಆಕಿಗೂ ಬಂತು. ಗೋಕಾಕಿಗೆ ಎರಡ ಸಲಾ ಫೋನ್ ಮಾಡ್ಯಾಳ, ನಾ ಬಾಜೂಕ ನಿಂತಿದ್ದೆ. ಐದಕ್ಕ ನೀರ ಆಗ್ಯಾವ್ರಿ ಅಂದ್ಳು. ಹಾಳಿ ಸುಳ್ಳ ಹೇಳೂದಿಲ್ಲ, ಹೇಳಿದಷ್ಟ ಮಾಡು ಅಂದ್ರು ನಿಮ್ಮ ಕಾರ್ಯದರ್ಶಿ.”

ಗೋಕಾಕಕ್ಕೆ ಬಂದವಳೇ ನೇರ ಕಾರ್ಯದರ್ಶಿಯ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು, ಎದ್ದು ಬಾಗಿಲು ಮುಂದೆ ಮಾಡಿ ಬಂದರು.

“ಆತಲ್ರಿ. ಬಟನ್ ಸುಮ್ಕ ಬದಲ ಮಾಡ್ರಿ. ಏಳಕ್ಕ ಹೆಚ್ಚಿನ ಪಾಳಿ ಕೊಡೂನು. ಸಭಾದಾಗ ಇದನ್ನೆಲ್ಲಾ ಎತ್ತಬ್ಯಾಡ್ರಿ.”

“ಮತ್ತ ಆಕಿ?”

“ಬ್ಯಾರೇ ಕಡೆ ಕೆಲಸಾ ಸಿಗ್ತೈತಿ ಬಿಡ್ರಿ ಆಕಿಗೆ. ಮಂದಿ ಈಗ ಸಿಟ್ಟಿನ್ಯಾಗ ಅದಾರ, ಅವರಿಗೆ ಯಾರರೆ ಒಬ್ರ ಬೇಕು.”

“ಎರಡ ಸಲಾ ಫೋನ್ ಮಾಡಿದ್ಳಂತ. ನೀವ ಕೇಳಲಿಲ್ಲಂತ.”

ಅವರ ಮುಖ ಕೆಂಪಾಯಿತು. “ನೋಡ್ರಿ ಅಕ್ಕಾರ, ಪತ್ರಾ ಬರದ ಕೊಟ್ಟಾಕಿ ನೀವು. ಸಹಿ ನಿಮ್ಮದೈತಿ. ಈಗ ಎದ್ದ ನಿಂತು ನನ್ನ ತಪ್ಪಂದ್ರ, ನಿಮ್ಮ ಕ್ಲಾಸಿಗೆ ಒಂದ ಹುಡುಗ ಬರೂದಿಲ್ಲ. ಈ ಸಂಘದ ಮಂದಿ...”

ಅಲ್ಲಿಗೆ ಅವರ ಮಾತು ಕಡಿದು ನಾನು ಎದ್ದೆ. ಸುಳ್ಳು ಯಾಕೆ, ಆ ರಾತ್ರಿಯೆಲ್ಲ ಅವರು ಹೇಳಿದಂತೆಯೇ ಮಾಡಿದರೆ ಹೇಗೆ ಎಂದು ಯೋಚಿಸಿದೆ. ಬಟನ್ ಬದಲಿಸಿದರೆ ಮುಗಿಯಿತು, ನನ್ನ ಹೆಸರೂ ಉಳಿಯುತ್ತದೆ. ಅವಳೇನು ನನ್ನ ಅಕ್ಕನೇ ತಂಗಿಯೇ? ನನಗೆ ಅವಳು ಇಷ್ಟವೂ ಇರಲಿಲ್ಲ. ಆದರೆ ಯಾವುದು ಏನಂತ ಒಂದು ಸಲ ಹೇಳಿ ಹೋಗಿ ಎಂದು ಅವಳು ಕೇಳಿದ್ದಳು, ನಾನು ಹೇಳದೆ ಬಂದಿದ್ದೆ. ಎಷ್ಟು ಹೊರಳಾಡಿದರೂ ಆ ಒಂದು ಮಾತನ್ನು ದಾಟಲು ಆಗಲಿಲ್ಲ. ಬೆಳಿಗ್ಗೆ ಎದ್ದು ಇನ್ನೊಂದು ಪತ್ರ ಬರೆದೆ.

ಸಭೆಗೆ ಎರಡೂ ಭಾಗದ ರೈತರು ಬಂದಿದ್ದರು, ಎಡಕ್ಕೆ ಹುಕ್ಕೇರಿಯವರು, ಬಲಕ್ಕೆ ಮೂಡಲಗಿಯವರು. ಮೂಡಲಗಿಯ ಕಾರಕೂನಳು ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದಳು. ಅವಳ ಅಣ್ಣನೂ ಬಂದಿದ್ದ, ಆದರೆ ಅವಳಿಂದ ದೂರ, ಬೇರೆ ಗೋಡೆಗೆ ಒರಗಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಕಾರ್ಯದರ್ಶಿ ನನ್ನ ಮೊದಲ ಪತ್ರ ಓದಿದರು. ಏಳನೇ ತೂಬಿನವರು “ತಗೀರಿ ಆಕೀನ!” ಎಂದು ಕೂಗಿದರು.

ನಾನು ಎದ್ದು ನಿಂತೆ. “ಆ ಪತ್ರಾ ನಂದ. ಅದು ಸುಳ್ಳೈತಿ,” ಅಂದೆ.

ಗದ್ದಲವೆದ್ದಿತು. ನಾನು ಲ್ಯಾಪ್‌ಟಾಪನ್ನು ಗೋಡೆಯ ಟಿವಿಗೆ ಜೋಡಿಸಿ, ಆ ಬೀಗದ ಚಿತ್ರವನ್ನು ಟಿವಿ ತುಂಬುವಷ್ಟು ದೊಡ್ಡದು ಮಾಡಿದೆ. ಒಂದೊಂದು ಚುಕ್ಕಿಯೂ ಇಟ್ಟಂಗಿಯಷ್ಟಾಗಿ ಕಂಡಿತು.

“ಇದೊಂದ ಹೇಳ್ರಿ. ಗೇಟಿನ ಮ್ಯಾಲೆ ಇದ ಕಂಡ್ರ ನೀರ ಚಾಲೂನೋ, ಬಂದೋ?”

“ಬಂದ್!” ಅಂದಿತು ಎಡಗಡೆ.

“ಚಾಲೂ!” ಅಂದಿತು ಬಲಗಡೆ, ಅದೇ ಉಸಿರಿನಲ್ಲಿ.

ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎತ್ತು ಏರಿಗೆ, ಕೋಣ ನೀರಿಗೆ. “ಏ, ಕೀಲಿ ಹಾಕಿದ್ರ ಬಂದಲೇ, ತಲಿ ಐತೇನ?” ಎಂದು ಹುಕ್ಕೇರಿಯವನೊಬ್ಬ, “ಚಾಲೂ ಇದ್ದಾಗ ಕೀಲಿ ಹಾಕಲಿಲ್ಲಾಂದ್ರ ಗೇಟ ಕಾಯಾಕ ನಿಮ್ಮ ಮಾವ ಬರ್ತಾನೇನ?” ಎಂದು ಏಳನೇ ತೂಬಿನ, ಹೆಂಟೆ ಸುರಿದಿದ್ದ ಮುದುಕ. ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆನೆಂದು ತಿಳಿಯಿತು. ಬಾಗಿಲ ಕಡೆ ತಿರುಗಿ ನೋಡಿದ, ನಿಧಾನಕ್ಕೆ ಕೂತುಬಿಟ್ಟ.

ನಾನು ಎರಡನೆಯ ಪತ್ರ ಓದಿದೆ. ಏಳೂ ತೂಬುಗಳ ನಮೂದು ಹೇಗೆ ಒಂದೇ ರೀತಿ ತಿರುವುಮುರುವಾಗಿವೆ, ಅವಳು ಅಕ್ಷರ ಕೇಳಿದ್ದು, ನಾನು ಗದರಿದ್ದು, ಐದಕ್ಕೆ ನೀರು ಆಗಿದೆಯೆಂದು ಅವಳು ಎರಡು ಸಲ ಫೋನ್ ಮಾಡಿದ್ದು. ಕೊನೆಯದನ್ನು ಓದುವಾಗ ಕಾರ್ಯದರ್ಶಿ ನೆಲ ನೋಡುತ್ತಿದ್ದರು. ಅವಳನ್ನು ಮರಳಿ ಕರೆಯಬೇಕೆಂದು ಮೂಡಲಗಿಯವರೇ ಕೂಗಿದರು, ಮೊದಲು ತೆಗೆಯಿರಿ ಎಂದ ಅದೇ ಗಂಟಲಿನಲ್ಲಿ. ಏಳಕ್ಕೆ ಮರುದಿನದಿಂದಲೇ ನೀರು ಎಂದಾಯಿತು. ನಾನು ನೋಡುವಷ್ಟರಲ್ಲಿ ಬಾಗಿಲ ಹತ್ತಿರ ಅವಳಿರಲಿಲ್ಲ.

ಸಭೆ ಮುಗಿದ ಮೇಲೆ ಕಾರ್ಯದರ್ಶಿ, “ಅಕ್ಷರಾ ಹಾಕಿ ಕೊಟ್ಟಬಿಡ್ರಿ. ಅಲ್ಲಿಗೆ ನಿಮ್ಮ ನಮ್ಮ ಋಣಾ ಹರೀತು,” ಎಂದರು. ಎರಡು ದಿನ ಕೂತು ಅಕ್ಷರಗಳ ಸಂಖ್ಯೆ ಪೋಣಿಸಿದೆ. ಚ, ಅದಕ್ಕೆ ದೀರ್ಘ, ಲ, ಅದಕ್ಕೆ ಕೊಂಬಿನ ದೀರ್ಘ. ಮೊದಲೇ ಮಾಡಿದ್ದರೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಚಿತ್ರಗಳನ್ನೆಲ್ಲ ಕಿತ್ತುಹಾಕಿದೆ.

ಮೂಡಲಗಿಗೆ ಬೆಳಿಗ್ಗೆ ಬೇಗ ಹೋದೆ, ಯಾರೂ ಬರುವ ಮೊದಲು ಫೈಲ್ ಬದಲಿಸಿ ಹೊರಟುಬಿಡುವ ಆಸೆಯಿಂದ. ಹಳೆಯ ಕಂಪ್ಯೂಟರ್ ಏಳುವುದೇ ತಡ. ‘ಗೇಟು ಚಾಲೂ’, ‘ಗೇಟು ಬಂದ್’ ತೆರೆಯ ಮೇಲೆ ಮೂಡುವಷ್ಟರಲ್ಲಿ ಅವಳು ಬಂದಳು. ಒಂಬತ್ತು ದಿನದ ಮೇಲೆ. ಬುತ್ತಿಚೀಲ ಮೇಜಿನ ಮೇಲಿಟ್ಟು ನನ್ನ ಹಿಂದೆ ನಿಂತು ಓದಿದಳು.

ಏನಾದರೂ ಹೇಳಬೇಕೆಂದು ನಾನು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದೆ. “ತಂಗಿ, ನಂದ ತಪ್ಪಾತು...” ಎಂದು ಶುರು ಮಾಡಿದೆ.

ಫೋನ್ ಹೊಡೆದುಕೊಂಡಿತು. ಅವಳು ಎತ್ತಿದಳು. ಚಾಚಾನ ದನಿ ನನಗೂ ಕೇಳಿಸಿತು, ಇವತ್ತೂ ಏಳನೇ ತೂಬು ಎತ್ತಿ ಕೀಲಿ ಹಾಕಿದ್ದೇನೆ ಎಂದು. ಅವಳು ಹೂಂ ಅಂದು ಫೋನ್ ಇಟ್ಟಳು.

“ಏಳ್ರಿ ಅಕ್ಕಾರ,” ಅಂದಳು. “ಅದು ನನ್ನ ಕುರ್ಚಿ.”

ನಾನು ಎದ್ದೆ.